ಪಟ್ಟಿ ಕಟ್ಟಿಸಿಕೊಂಡ ಕುಂಬಳಕಾಯಿ

ಒಂದು ಕುಂಬಳಕಾಯಿಗೆ ತೂತು ಕೊರೆಯಲು ಒಂದು ವಾರ ಬೇಕಾಗುತ್ತದೆಂದು ಯಾರಾದರೂ ಮೊದಲೇ ಹೇಳಿದ್ದರೆ, ನಾನು ಮಗಳಿಗೆ ಆ ಮಾತು ಕೊಡುತ್ತಲೇ ಇರಲಿಲ್ಲ.

ಅರವತ್ತರ ದಶಕದ ಮೊದಲ ವರ್ಷಗಳು. ನಾವಿದ್ದದ್ದು ಹೊಳೆನರಸೀಪುರದಲ್ಲಿ. ಆರು ವರ್ಷದ ಮಗಳು ಸೀಬೆಮರದಿಂದ ಬಿದ್ದು ಕಾಲು ಮುರಿದುಕೊಂಡಿದ್ದಳು. ಹಾಸನದ ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿ ಕಳಿಸಿದ್ದರು. ಅಲ್ಲಿ ಹೊರದೇಶದಿಂದ ಬಂದ ಒಬ್ಬ ನರ್ಸಮ್ಮ ಕುಂಬಳಕಾಯಿಗೆ ಕಣ್ಣು, ಮೂಗು, ಹಲ್ಲು ಕೊರೆದು, ಒಳಗೆ ದೀಪ ಹಚ್ಚಿ ಮಕ್ಕಳ ವಾರ್ಡಿನ ಕಿಟಕಿಯಲ್ಲಿ ಇಟ್ಟಿದ್ದಳು. ತಮ್ಮೂರಲ್ಲಿ ಚಳಿ ಶುರುವಾಗುವಾಗ ಹೀಗೆ ಮಾಡುತ್ತಾರಂತೆ. ಮಗಳು ಅದನ್ನು ಬಾಯಿ ಬಿಟ್ಟುಕೊಂಡು ನೋಡಿದಳು. ಅದರ ಜೊತೆಗೆ, ಪಕ್ಕದ ಕೋಣೆಯಲ್ಲಿ ಯಾರದೋ ಪ್ಲಾಸ್ಟರನ್ನು ಗರಗಸದಂಥ ಕತ್ತರಿಯಿಂದ ಕತ್ತರಿಸುವುದನ್ನೂ ನೋಡಿಬಿಟ್ಟಳು. ಮನೆಗೆ ಬಂದ ಮೇಲೆ ಒಂದೇ ಹಟ: "ನನ್ ಕಾಲ್ ಕುಯ್ಯಾಕೆ ಬುಡಾಕಿಲ್ಲ."

ಕೊಯ್ಯುವುದು ಕಾಲನ್ನಲ್ಲ, ಮೇಲಿನ ಪಟ್ಟಿಯನ್ನು ಎಂದು ನೂರು ಸಲ ಹೇಳಿದೆ. ಅಲ್ಲಾಡಿದರೆ ಕತ್ತರಿ ತಾಗುತ್ತದೆ ಎಂದು ಡಾಕ್ಟರು ನನಗೆ ಹೇಳಿದ್ದರು. ಅದು ನನ್ನ ಎದೆಯಲ್ಲಿ ಕೂತಿತ್ತು. ಕೊನೆಗೆ, "ನರ್ಸಮ್ಮ ಮಾಡಿದಂಥದೇ ದೀಪ ನಿನ್ನ ಕಣ್ಣೆದುರಿಗೇ ಮಾಡ್ತೀನಿ. ಚಾಕು ಎಷ್ಟು ಮೆತ್ತಗೆ ಓಗ್ತದೆ ನೋಡೀವಂತೆ" ಎಂದೆ. ಅವಳು ಯೋಚಿಸಿ, "ದೀಪನೂ ಆಸ್ಪತ್ರೆಗೆ ಬಂದ್ರೆ ಕಾಲು ಚಾಚ್ತೀನಿ" ಎಂದಳು. ಪ್ಲಾಸ್ಟರ್ ಬಿಚ್ಚಿಸಲು ಮುಂದಿನ ಸೋಮವಾರ ಹೋಗಬೇಕಿತ್ತು.

ಕಾಯಿಗಾಗಿ ಹುಡುಕಬೇಕಾಗಿರಲಿಲ್ಲ. ಕೊಟ್ಟಿಗೆಯ ಮೇಲೆ ಹಬ್ಬಿದ ಬಳ್ಳಿಯಲ್ಲಿ ದುಂಡಗಿನ ಸಿಹಿಗುಂಬಳ ಒಂದೇ ಒಂದು ಉಳಿದಿತ್ತು. ಅದನ್ನು ಇಳಿಸಿ ಚಾಕು ತೆಗೆದುಕೊಂಡೆ ಅಷ್ಟೆ, ಅತ್ತೆ ಅಡುಗೆಮನೆಯಿಂದ ಓಡಿ ಬಂದರು.

"ಅಯ್ಯೋ, ಇಡೀ ಕುಂಬಳಕಾಯ್ಗೆ ಎಂಗಸ್ರು ಚಾಕು ಆಕ್ತಾರಾ? ಅದು ಮನೆ ಇರೀ ಮಗ ಇದ್ದಂಗೆ ಕಣವ್ವ. ಮೊದ್ಲು ಗಂಡಸ್ರು ಒಡೀಬೇಕು. ಆಮೇಲೆ ನೀನು ಏನಾರ ಮಾಡ್ಕೊ."

ಇದು ನನಗೆ ಗೊತ್ತಿಲ್ಲದ್ದೇನಲ್ಲ. ನನ್ನ ತವರಲ್ಲೂ ಹೀಗೇ. ಆದರೆ ನಮ್ಮ ಮನೆಯ ಗಂಡಸರು ಎಲ್ಲಿ? ನನ್ನ ಗಂಡ ಚನ್ನರಾಯಪಟ್ಟಣದಲ್ಲಿ ಕೆಲಸಕ್ಕಿದ್ದರು, ಶನಿವಾರಕ್ಕೊಮ್ಮೆ ಬರುತ್ತಿದ್ದರು. ಪಕ್ಕದ ಮನೆಯವರನ್ನು ಕರೆದರೆ, "ಮನೇಲಿ ಯಜಮಾನ್ರು ಇರುವಾಗ ನಾನು ಒಡುದ್ರೆ ಅವರೇನಂದ್ಕತಾರೆ" ಎಂದು ಬೀಡಿ ಹಚ್ಚಿಕೊಂಡು ಹೋದರು. ಯಜಮಾನರು ಎಂದರೆ ನಮ್ಮ ಮಾವ. ಎರಡೂ ಕಣ್ಣಿಗೆ ಪೊರೆ ಬಂದು ಜಗಲಿಯ ಮೇಲೆ ಕೂತಿದ್ದವರು. ತೆಂಗಿನಕಾಯಿ ಸುಲಿಯಲು ಹೋಗಿ ಹೆಬ್ಬೆರಳು ಸೀಳಿಕೊಂಡ ಮೇಲೆ ಮಚ್ಚನ್ನು ನಾನೇ ಅಟ್ಟದ ಮೇಲೆ ಇಟ್ಟಿದ್ದೆ.

ಹೀಗೆ ಕಾಯಿ ನಡುಮನೆಯ ಮೂಲೆಯಲ್ಲಿ ಕೂತಿತು. ದಿನಕ್ಕೆ ಹತ್ತು ಸಲ ಮಗಳು "ಅಪ್ಪ ಯಾವಾಗ ಬತ್ತದೆ?" ಎಂದು ಕೇಳುವುದು, ದಿನಕ್ಕೆ ಹತ್ತು ಸಲ ನಾನು ರೇಗುವುದು. ಶನಿವಾರ ಗಂಡನ ಬದಲು ಕಾಗದ ಬಂತು: ಕಚೇರಿಯಲ್ಲಿ ತನಿಖೆ, ಈ ವಾರ ಬರಲಾಗದು. ನನಗೆ ಮೈಯೆಲ್ಲ ಉರಿಯಿತು. ಆ ಕಾಗದವನ್ನು ಒಲೆಗೆ ಹಾಕಿ ಅನ್ನ ಬೇಯಿಸಿದೆ.

ಭಾನುವಾರ ಬೆಳಿಗ್ಗೆ ಮಾವ ಜಗಲಿಯಿಂದಲೇ ಕೇಳಿದರು: "ಯಾಕವ್ವ, ನಾನು ಗಂಡಸಲ್ವಾ?"

ಬೇರೆ ದಾರಿ ಇರಲಿಲ್ಲ. ಮಚ್ಚು ಇಳಿಸಿ ಕೊಟ್ಟೆ. ತೊಟ್ಟಿನ ಸುತ್ತ ಇದ್ದಿಲಲ್ಲಿ ಒಂದು ಗೆರೆ ಎಳೆದು, ಅವರ ಕೈ ಹಿಡಿದು ಮುಟ್ಟಿಸಿ, "ಮಾವ, ಇಲ್ಲಿ ತುದಿ ಒಂಚೂರು ಊರಿದ್ರೆ ಸಾಕು. ಉಳಿದದ್ದು ನಾನು ನೋಡ್ಕೊತೀನಿ" ಎಂದೆ. ಮಗಳನ್ನು ಎತ್ತಿ ತಂದು ಮುಂದೆಯೇ ಕೂರಿಸಿದೆ. ತಟ್ಟೆ ತರಲು ಒಳಗೆ ಹೋದೆ. ಅದೇ ನಾನು ಮಾಡಿದ ತಪ್ಪು.

ಕುಂಬಳಕಾಯಿ ಒಡೆಯುವುದೆಂದರೆ ಅವರ ಕೈಗೆ ಗೊತ್ತಿದ್ದದ್ದು ಒಂದೇ. ಐವತ್ತು ವರ್ಷ ಹಬ್ಬಹಬ್ಬಕ್ಕೆ ಒಡೆದಂತೆಯೇ, ಎತ್ತಿ ಒಂದೇ ಏಟು. ನಾನು ಬರುವಷ್ಟರಲ್ಲಿ ಕಾಯಿ ಎರಡು ಹೋಳಾಗಿ, ಬೀಜವೆಲ್ಲ ನೆಲದ ಮೇಲೆ. ಮಗಳು ಕಿರುಚುತ್ತಿದ್ದಳು: "ನನ್ ಕಾಲ್ನೂ ಇಂಗೇ ಮಾಡ್ತಾರೆ! ಇಂಗೇ ಮಾಡ್ತಾರೆ!"

"ಕಣ್ಣು ಕಾಣದೋರು ಯಾಕೆ ಇದಕ್ಕೆಲ್ಲ ಕೈ ಆಕ್ಬೇಕಿತ್ತು?" ಎಂದುಬಿಟ್ಟೆ.

ಮಾವ ಮಚ್ಚನ್ನು ನೆಲಕ್ಕಿಟ್ಟರು. ಅತ್ತೆ ಮಾತ್ರ, "ಓಗ್ಲಿ ಬುಡು, ಒಂದೋಳು ಉಳಿಗೆ, ಒಂದೋಳು ಪಲ್ಯಕ್ಕೆ" ಎಂದು ಈಳಿಗೆಮಣೆ ತರಲು ಹೊರಟರು. ನನಗೆ ಗೋಡೆಗೆ ತಲೆ ಚಚ್ಚಿಕೊಳ್ಳುವಂತಾಯಿತು.

ಸ್ವಲ್ಪ ಹೊತ್ತಿನ ಮೇಲೆ ಮಾವ ಹೋಳುಗಳನ್ನು ತಡವಿ ನೋಡಿದರು. ಒಂದಕ್ಕೊಂದು ಜೋಡಿಸಿದರು. "ಕೂತ್ಕತದೆ. ಒಂದು ಅಳೇ ಪಂಚೆ ಕೊಡು, ಒಸಿ ಗಂಜಿ ಕಾಯ್ಸು. ಮುರಿದ ಎತ್ತಿನ ಕಾಲೇ ಕಟ್ಟಿವ್ನಿ, ಇದ್ಯಾವ ಲೆಕ್ಕ" ಎಂದರು.

ಗೊಣಗುತ್ತಲೇ ತಿರುಳು ಕೆರೆದೆ, ಕಣ್ಣು ಮೂಗು ಹಲ್ಲು ಕೊರೆದೆ. ಈಗ ನನ್ನ ಚಾಕುವಿಗೆ ಯಾರ ಅಡ್ಡಿಯೂ ಇರಲಿಲ್ಲ. ಹೊಗೆ ಹೋಗಲು ಮೇಲೊಂದು ತೂತು, ಹಣತೆ ಇಡಲು ಕೆಳಗೊಂದು. ಮಾವ ಪಂಚೆಯ ಪಟ್ಟಿಗಳನ್ನು ಗಂಜಿಯಲ್ಲಿ ಅದ್ದಿ, ನೋಡುವ ಕಣ್ಣಿದ್ದವರಿಗಿಂತ ಅಚ್ಚುಕಟ್ಟಾಗಿ ಸುತ್ತಿದರು. ಅಳು ನಿಲ್ಲಿಸಿದ ಮಗಳು ತೆವಳಿಕೊಂಡು ಹತ್ತಿರ ಬಂದು ತನ್ನ ಪಟ್ಟಿಯನ್ನೂ ಅದರ ಪಟ್ಟಿಯನ್ನೂ ಮುಟ್ಟಿ ನೋಡಿದಳು.

ಸೋಮವಾರ ಒಂದು ಕಂಕುಳಲ್ಲಿ ಮಗಳು, ಇನ್ನೊಂದರಲ್ಲಿ ಹಲ್ಲು ಕಿರಿಯುವ ಕುಂಬಳಕಾಯಿ ಹಿಡಿದು ಬೆಳಗಿನ ರೈಲು ಹತ್ತಿದೆ. ಒಬ್ಬರು "ಯಾವ ದೇವ್ರಿಗೆ?" ಎಂದು ಕೈಮುಗಿದರು. ಇನ್ನೊಬ್ಬಾಕೆ ಯಾರಿಗೋ ಮಾಟ ಮಾಡಿಸಿದ್ದೆಂದು ತಿಳಿದು ಮೊಮ್ಮಗುವನ್ನು ಎತ್ತಿಕೊಂಡು ಆಚೆ ಬೆಂಚಿಗೆ ಹೋದಳು. ಹಾಸನದವರೆಗೂ ಉತ್ತರ ಹೇಳಿ ಹೇಳಿ ನನ್ನ ಗಂಟಲು ಒಣಗಿತು.

ಆಸ್ಪತ್ರೆಯಲ್ಲಿ ಮಗಳು, "ಮೊದ್ಲು ಅದುಕ್ಕೆ" ಎಂದು ಕಾಯಿಯನ್ನು ತೋರಿಸಿದಳು. ನರ್ಸಮ್ಮ ನಗದೆ, ಅದೇ ದೊಡ್ಡ ಕತ್ತರಿಯಿಂದ ಕಾಯಿಯ ಪಟ್ಟಿಯನ್ನು ಕತ್ತರಿಸಿದಳು. ಬಟ್ಟೆ ಸಿಪ್ಪೆಯಂತೆ ಬಿಟ್ಟುಬಂತು. ಹೋಳುಗಳು ಬೇರೆಯಾಗದ ಹಾಗೆ ಅಂಗೈಯಲ್ಲಿ ಒತ್ತಿ ಹಿಡಿದುಕೊಂಡಳು. ಕಾಯಿಯ ಮೇಲೆ ಕತ್ತರಿಯ ಒಂದು ಗೀರೂ ಇರಲಿಲ್ಲ. ಮಗಳು ಬಗ್ಗಿ ಸುತ್ತಲೂ ಪರೀಕ್ಷೆ ಮಾಡಿ, ಆಮೇಲೆ ತಾನೇ ಕಾಲು ಚಾಚಿದಳು. ಪಟ್ಟಿ ಪೂರಾ ಬಿಚ್ಚುವವರೆಗೂ ಅಲ್ಲಾಡಲಿಲ್ಲ. ಯಾರು ಮಾಡಿದ್ದು ಇದನ್ನು ಎಂದು ನರ್ಸಮ್ಮ ಕೇಳಿದರೆ, "ನಮ್ ತಾತ" ಎಂದಳು! ಉಗುರಲ್ಲಿ ಇನ್ನೂ ತಿರುಳು ಸಿಕ್ಕಿಕೊಂಡಿದ್ದದ್ದು ನನಗೆ.

ಸಂಜೆ ಮನೆಗೆ ಬಂದಾಗ ಮಾವ ಜಗಲಿಯಲ್ಲೇ ಕಾಯುತ್ತಿದ್ದರು. ಮೊಮ್ಮಗಳ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡು ಮಂಡಿಯಿಂದ ಬೆರಳಿನವರೆಗೂ ಸವರಿದರು. ನಿನ್ನೆ ಆಡಿದ ಮಾತಿಗೆ ತಪ್ಪಾಯಿತು ಅನ್ನಬೇಕೆಂದು ರೈಲಿನುದ್ದಕ್ಕೂ ಅಂದುಕೊಂಡು ಬಂದಿದ್ದೆ. ನನ್ನ ಹಾಳು ಬಾಯಿ. ಹೊರಗೆ ಬಂದದ್ದು, "ಇನ್ನೊಂದ್ಸಲ ಒಡೆಯುವಾಗ ನಾನು ಬರೋಗಂಟ ಕಾಯಿರಿ ಮಾವ" ಎಂದು.

ಮಾವ ಒಳಗಿದ್ದ ಅತ್ತೆಗೆ ಕೇಳದ ಹಾಗೆ ದನಿ ತಗ್ಗಿಸಿದರು.

"ಇನ್ಮುಂದೆ ನೀನೇ ಒಡಿ ಕಣವ್ವ. ನಾನು ಪಕ್ಕದಲ್ಲಿ ಕೂತಿರ್ತೀನಿ. ಒಡ್ದೋರು ಯಾರು ಅಂತ ನನ್ಗೇನು ಕಾಣ್ತದಾ?"