ಮೂರು ಅಂಗಡಿಗೆ ಒಂದೇ ಫೋಲ್ಡರ್

ಇರಮ್ ನಮ್ಮ ಮನೆ ಮುಂದಿನ ಮಳಿಗೆಯಲ್ಲಿ ಕೆಲಸ ಮಾಡುವ ಹುಡುಗಿ. ಅದು ಮಹಾದೇವಯ್ಯನವರ ಮದುವೆ ಆಲ್ಬಮ್ ಅಂಗಡಿ. ತುಮಕೂರಿನದು ಇದು, ಗುಬ್ಬಿಯಲ್ಲೊಂದು, ಕುಣಿಗಲ್ಲಿನಲ್ಲೊಂದು ಇವೆ. ಗಿರಾಕಿಗಳು ಫೋನಿನಿಂದಲೇ ತಮ್ಮ ಊರಿನ ಅಂಗಡಿಗೆ ಫೋಟೊ ಕಳಿಸುತ್ತಾರೆ. ಎಲ್ಲಿಂದ ಬಂದರೂ ಒಂದು ಮದುವೆಯದು ಒಂದೇ ಫೋಲ್ಡರಿಗೆ ಸೇರಬೇಕು. ಆ ಫೋಲ್ಡರ್ ಇರುವುದು ತುಮಕೂರಿನ ಕಂಪ್ಯೂಟರಿನಲ್ಲಿ. ಈ ಏರ್ಪಾಡು ಇರಮ್ ಮಾಡಿದ್ದು.

ಪೂಜಾ, ಗಂಗಾಧರ್ ಮದುವೆಯಲ್ಲಿ ಅದು ಕೈಕೊಟ್ಟಿತು. ಧಾರೆ ಮುಗಿದು ಊಟಕ್ಕೆ ಕೂತಾಗ ಗುಬ್ಬಿಯ ಹೆಣ್ಣಿನವರೂ ಕುಣಿಗಲ್ಲಿನ ಗಂಡಿನವರೂ ಒಟ್ಟಿಗೇ ಫೋಟೊ ಕಳಿಸಿದರು. ಗುಬ್ಬಿ ಕಂಪ್ಯೂಟರ್ ಮೊದಲು ಫೋಲ್ಡರ್ ಮಾಡಿತು. ಕುಣಿಗಲ್ಲಿನದೂ ಮಾಡಲು ಹೋಗಿ, ಆಗಲೇ ಇದೆ ಎಂದು ಉತ್ತರ ಬಂದಾಗ, ಏನೋ ತಪ್ಪಾಗಿದೆ ಎಂದುಕೊಂಡು ಫೋಟೊಗಳನ್ನೆಲ್ಲ ಬಿಸಾಕಿತು.

"ಗಂಡಿನ್ ಕಡೆಯೋರು ಬಾಯಿಗ್ ಬಂದಂಗೆ ಬೈದ್ರು ಕಣಮ್ಮ," ಎಂದರು ಮಹಾದೇವಯ್ಯ. "ಇನ್ನೊಂದ್ ಸಲ ಹಿಂಗಾದ್ರೆ ಪೆನ್‌ಡ್ರೈವ್ ಬಸ್ಸಲ್ಲಿ ಕಳಿಸ್ಕೊತೀನಿ. ನೀನು ಬೇರೆ ಕಡೆ ಕೆಲ್ಸ ನೋಡ್ಕೊ."

ಇರಮ್ ಊಟದ ಡಬ್ಬಿ ಹಿಡಿದು ನಮ್ಮ ಜಗಲಿಗೆ ಬಂದಳು. ಅಷ್ಟರಲ್ಲಿ ಅವಳು, ಏನೇ ಉತ್ತರ ಬಂದರೂ ಫೋಲ್ಡರ್ ಇದೆ ಎಂದುಕೊಂಡು ಮುಂದೆ ಹೋಗು ಅಂತ ಅಂಗಡಿಗಳ ಕಂಪ್ಯೂಟರಿಗೆ ಬರೆದಿದ್ದಳು. ತುಮಕೂರಿನ ಕಂಪ್ಯೂಟರ್ ಆಫ್ ಮಾಡಿ ಪರೀಕ್ಷೆಗೆಂದು ಕುಣಿಗಲ್ಲಿನಿಂದ ಒಂದು ಫೋಟೊ ಕಳಿಸಿದರೆ, ಫೋಟೊ ಎಲ್ಲೂ ಇಲ್ಲ. ಕುಣಿಗಲ್ಲಿನದು ಮಾತ್ರ ಎಲ್ಲ ಸರಿ ಅಂದಿತು.

"ಮೊದ್ಲು ಆಗಲ್ಲ ಅಂತಾದ್ರೂ ಹೇಳ್ತಿತ್ತು ಅಜ್ಜಿ. ಈಗ ಸುಳ್ಳು ಹೇಳುತ್ತೆ."

"ನಿಮ್ ಅಂಗ್ಡಿ ಯಜಮಾನ್ರ ಹತ್ರ ಕಲ್ತಿರ್ಬೇಕು ಬುಡು," ಎಂದೆ. ನಗುತ್ತಾ ಅನ್ನ ಕಲಸಿದಳು.

ಊಟ ಮುಗಿಸಿ ಹೋಗಿ, ಎರಡು ಬಗೆಯ ಉತ್ತರವನ್ನೂ ಬೇರೆ ಮಾಡಿದಳು. ಆಗಲೇ ಇದೆ ಎಂದರೆ, ಇರುವುದು ಫೋಲ್ಡರೇ ಹೌದೋ ಅಲ್ಲವೋ ಎಂದು ನೋಡಿ ಫೋಟೊ ಹಾಕಬೇಕು. ಮಾಡಲಾಗಲಿಲ್ಲ ಎಂದರೆ ಫೋಟೊ ತನ್ನಲ್ಲೇ ಹಿಡಿದಿಟ್ಟುಕೊಂಡು, ಸ್ವಲ್ಪ ಬಿಟ್ಟು ಮತ್ತೆ ಕೇಳಬೇಕು, ಅಂಗಡಿಯವರಿಗೂ ತಿಳಿಸಬೇಕು.

ಮುಂದಿನ ಮದುವೆಯ ದಿನ ಮಹಾದೇವಯ್ಯ ಪರದೆ ಮುಂದೆಯೇ ನಿಂತರು. ಎರಡೂ ಕಡೆಯ ಫೋಟೊ ಬರುವ ಹೊತ್ತಿಗೆ ಸರಿಯಾಗಿ ನಮ್ಮ ಬೀದಿಯಲ್ಲಿ ಕರೆಂಟ್ ಹೋಯಿತು.

"ಮುಗೀತು ಕತೆ!" ಎಂದು ಅವರು ತಲೆ ಮೇಲೆ ಕೈಹೊತ್ತರು.

ಕುಣಿಗಲ್ ಅಂಗಡಿಯ ಉದಯಕುಮಾರ್ ಇರಮ್‌ಗೆ ಫೋನ್ ಮಾಡಿದ. "ಮೇಡಂ, ಫೋಲ್ಡರ್ ಆಗ್ಲಿಲ್ವಂತೆ. ಫೋಟೊ ಇಲ್ಲೇ ಐತೆ, ಮತ್ತೆ ಕೇಳ್ತೀನಿ ಅಂತ ತೋರುಸ್ತಾ ಐತೆ."

"ಏನೂ ಮುಟ್ಬೇಡಿ. ಹಾಗೇ ಬಿಡಿ."

ಕರೆಂಟ್ ಬಂತು, ಇರಮ್ ಕಂಪ್ಯೂಟರ್ ಹಾಕಿದಳು. ಪರದೆ ಮೇಲೆ ಒಂದೇ ಫೋಲ್ಡರ್ ಎದ್ದಿತು. ಹೆಣ್ಣಿನ ಕಡೆಯದು ತುಂಬಿತು, ಹಿಂದೆಯೇ ಗಂಡಿನ ಕಡೆಯದು. ಮಹಾದೇವಯ್ಯ ಕೊನೆಯ ಫೋಟೊವರೆಗೂ ನೋಡಿ ಕುರ್ಚಿ ಎಳೆದುಕೊಂಡು ಕೂತರು.

"ಬೆಳ್ಳಾವೀಲೊಂದ್ ಮಳಿಗೆ ನೋಡಿದೀನಿ. ನಾಲ್ಕು ಅಂಗಡಿ ಆದ್ರೆ ತಡ್ಕತದೇನಮ್ಮ ಇದು?"

"ತಡ್ಕೊಳುತ್ತೆ ಸರ್. ಇಲ್ಲಿಗೊಂದು ಯುಪಿಎಸ್ ಕೊಡ್ಸಿ," ಎಂದಳು ಇರಮ್.