ಗೋಡೆಯ ಈಚೆಯ ಫೈನಲ್

ಮನುಷ್ಯನ ಸೋಲು ಗೆಲುವುಗಳನ್ನು ಕಾಣದ ಕೈಯೊಂದು ನಡೆಸುತ್ತದೆ ಎಂದು ತಿಳಿದವರು ಬಹಳ ಗಂಭೀರವಾಗಿ ಹೇಳುತ್ತಾರೆ. ನಮ್ಮ ಪಕ್ಕದ ಮನೆಯ ತಾತನ ಪ್ರಕಾರ, ಅವು ನಡೆಯುವುದು ಪಂದ್ಯದ ಹೊತ್ತಿನಲ್ಲಿ ಯಾರು ಎಲ್ಲಿ ಕೂತಿದ್ದಾರೆ ಎಂಬುದರ ಮೇಲೆ.

ಮೊನ್ನೆ ಗಿಲ್‌ರಾಯ್ ದಾಟಿ ಬರುವಾಗ ಕಾರಿನ ಕಿಟಕಿ ಇಳಿಸಿದೆ. ಬೆಳ್ಳುಳ್ಳಿಯ ವಾಸನೆ ಒಳಗೆ ನುಗ್ಗಿತು. ಬೆಳ್ಳುಳ್ಳಿ ಬೆಳೆಯುವ ಆ ಊರಿನ ಗಾಳಿಯೇ ಹಾಗೆ. ನನಗೆ ಮಾತ್ರ ಹೊಲಗಳು ಕಾಣಲಿಲ್ಲ. ಬಣ್ಣ ಎದ್ದ ಒಂದು ಗೋಡೆ, ಅದಕ್ಕೆ ಬೆನ್ನು ಕೊಟ್ಟು ನಿಂತ ತಾತ ಕಂಡರು...

ಹಾಸನದ ಕಡೆಯವರು. ಸಾಂಟಾ ಕ್ಲಾರಾದಲ್ಲಿ ಮಗಳ ಜೊತೆಗಿದ್ದರು. ಅವರ ಹಿತ್ತಲಿಗೂ ನಮ್ಮ ಹಿತ್ತಲಿಗೂ ನಡುವೆ ಒಂದು ಮರದ ಬೇಲಿ. ರೇಡಿಯೋದಲ್ಲಿ ಕ್ರಿಕೆಟ್ ಕಾಮೆಂಟರಿ ಕೇಳಿ ಬೆಳೆದವರಿಗೆಲ್ಲ ಗೊತ್ತಿರುವ ಒಂದು ಶಾಸ್ತ್ರದಲ್ಲಿ ಅವರು ಘನಪಂಡಿತರು: ನಮ್ಮವರು ಚೆನ್ನಾಗಿ ಆಡುತ್ತಿರುವಾಗ ಯಾರೂ ಜಾಗ ಬಿಟ್ಟು ಅಲುಗಬಾರದು. ಒಮ್ಮೆ ಸಕ್ಕರೆ ಕೇಳಲು ಹೋದ ನನ್ನ ಹೆಂಡತಿಯನ್ನು ಬಾಗಿಲಲ್ಲೇ ತಡೆದು ನಿಲ್ಲಿಸಿದ್ದರು. "ಅಲ್ಲೇ ಇರಮ್ಮಾ, ನೀನ್ ಬಂದ್ಮೇಲೇ ಎರಡು ಫೋರ್ ಹೋಗಿರೋದು." ಜೊತೆಯಾಟ ಮುರಿಯುವವರೆಗೆ ಆಕೆಗೆ ಬಿಡುಗಡೆಯಾಗಲಿಲ್ಲ. ಮುರಿದ ಮೇಲೆ ಯಾರಿಗೂ ಸಕ್ಕರೆಯ ನೆನಪಿರಲಿಲ್ಲ.

ಅವರ ಮೊಮ್ಮಗ ಕಾಲೇಜಿನ ಬೇಸ್‌ಬಾಲ್ ತಂಡದಲ್ಲಿ ಪಿಚರ್, ಎಂದರೆ ಚೆಂಡು ಎಸೆಯುವವನು. ಮೊಣಕೈ ಆಪರೇಷನ್ ಆಗಿ ಬಹಳ ಕಾಲ ಆಟದಿಂದ ದೂರ ಉಳಿದಿದ್ದ. ಆ ಕೈಗೆ ಮತ್ತೆ ಬಲ ಬಂದದ್ದು ಹಿತ್ತಲಲ್ಲಿ. ತಾತ ಬಕೆಟ್ ಬೋರಲು ಹಾಕಿ, ಅದರ ಮೇಲೆ ಕೂತು ಅವನ ಎಸೆತಗಳನ್ನು ಹಿಡಿಯುತ್ತಿದ್ದರು. ಸಂಜೆಯಾದರೆ ಬೇಲಿಯಾಚೆಯಿಂದ ಗ್ಲೌಸಿಗೆ ಚೆಂಡು ಬೀಳುವ ಸದ್ದು, ಹಿಂದೆಯೇ "ಭೇಷ್!" ಎಂಬ ತೀರ್ಪು. ಆದರೆ ನಿಜವಾದ ಮೈದಾನದಲ್ಲಿ ಅವನು ಎಸೆಯುವುದನ್ನು ಅವರು ಒಮ್ಮೆಯೂ ನೋಡಿರಲಿಲ್ಲ. ಹುಡುಗ ಆಟಕ್ಕೆ ಮರಳಿದ ವರ್ಷವೇ ಇವರು ಆಸ್ಪತ್ರೆ ಸೇರಿದರು. ಅದು ಅವನ ಓದಿನ ಕೊನೆಯ ವರ್ಷ, ಆಟದ್ದೂ. ತಾತನ ಹೃದಯದ ವಿಷಯದಲ್ಲಿ ಡಾಕ್ಟರು ಮುಂದಿನ ವರ್ಷದ ಮಾತೆತ್ತುತ್ತಿರಲಿಲ್ಲ.

ಉಳಿದಿದ್ದದ್ದು ಮೇ ತಿಂಗಳ ಕಾನ್ಫರೆನ್ಸ್ ಚಾಂಪಿಯನ್‌ಶಿಪ್ ಮಾತ್ರ. ಒಂದು ಗುಂಪಿನ ಕಾಲೇಜುಗಳು ಕೆಲವೇ ದಿನಗಳಲ್ಲಿ ಹೊಡೆದಾಡಿ ಮುಗಿಸುವ ಟೂರ್ನಿ ಅದು. ಗೆದ್ದವರು ರಾಷ್ಟ್ರಮಟ್ಟಕ್ಕೆ ಹೋಗುತ್ತಾರೆ, ಸೋತವರು ಮನೆಗೆ. "ಒಂದ್ಸಲ ನೋಡ್ಬಿಟ್ರೆ ಸಾಕು ಸ್ವಾಮಿ," ಎಂದರು. ಡಾಕ್ಟರನ್ನು ಒಪ್ಪಿಸಿದ್ದು ಮಗಳು, ಕಾರು ಓಡಿಸಿದ್ದು ನಾನು.

ಮೊದಲ ದಿನ ಫ್ರೀವೇ ಟ್ರಾಫಿಕ್ಕಿನಲ್ಲಿ ಸಿಕ್ಕಿ ತಡವಾಯಿತು. ಪಾರ್ಕಿಂಗಿನಿಂದ ನಡೆದು ಬರುವಷ್ಟರಲ್ಲಿ ತಾತನಿಗೆ ಏದುಸಿರು ಬಂತು. ತಿಂಡಿ ಅಂಗಡಿಯ ಹಿಂದಿನ ಗೋಡೆಗೆ ಒರಗಿ ನಿಂತರು. ಬೆಳ್ಳುಳ್ಳಿ ಹಾಕಿ ಆಲೂಗಡ್ಡೆ ಕರಿಯುವ ಅಂಗಡಿ. ಹುಟ್ಟಿದಾರಭ್ಯ ಬೆಳ್ಳುಳ್ಳಿ ಮುಟ್ಟದ ಮನುಷ್ಯ ಕರವಸ್ತ್ರದಿಂದ ಮೂಗು ಮುಚ್ಚಿಕೊಂಡರು. ಸರಿಯಾಗಿ ಆ ಹೊತ್ತಿಗೆ ಗೋಡೆಯಾಚೆ ಜನ ಹೋ ಎಂದರು. ಮೈಕಿನಲ್ಲಿ ಮೊಮ್ಮಗನ ಹೆಸರು ಕೇಳಿಸಿತು. ಯಾರನ್ನೋ ಔಟ್ ಮಾಡಿದ್ದ.

"ನಡೀರಿ ಸಾರ್, ಸೀಟು ಆ ಕಡೆ," ಎಂದೆ.

ಅವರು ಕರವಸ್ತ್ರ ತೆಗೆಯದೆಯೇ ತಲೆಯಾಡಿಸಿದರು. "ಇಲ್ಲೇ ಇರೋಣ. ನೀವೂ ಅಲ್ಲಾಡ್ಬೇಡಿ."

"ಇಲ್ಲಿಂದ ಗೋಡೆ ಬಿಟ್ರೆ ಏನೂ ಕಾಣಲ್ವಲ್ಲ ಸಾರ್."

"ಗೋಡೆ ನಿಮ್ಗೇನ್ರೀ ಮಾಡ್ತು? ಸುಮ್ನಿರಿ."

ಅಂದು ಗೆದ್ದರು. ಮುಂದಿನ ಪಂದ್ಯಕ್ಕೂ ಅಲ್ಲೇ ನಿಂತೆವು, ಅದನ್ನೂ ಗೆದ್ದರು. ಶಾಸ್ತ್ರ ಸಾಬೀತಾಗಿಹೋಯಿತು. ಆಚೆಯ ಕೂಗಿನ ಏರಿಳಿತದಲ್ಲೇ ತಾತ ಆಟವನ್ನು ಅಂದಾಜು ಮಾಡುತ್ತಿದ್ದರು. ನಾನು ಗೋಡೆಯಲ್ಲಿ ಎಲ್ಲೆಲ್ಲಿ ಬಣ್ಣ ಎದ್ದಿದೆ ಎಂಬುದನ್ನು ಆಳವಾಗಿ ಅಭ್ಯಾಸ ಮಾಡಿದೆ.

ಫೈನಲ್ ದಿನ ಮೊಮ್ಮಗನನ್ನು ಕೊನೆಯ ಇನ್ನಿಂಗ್ಸಿಗೆ ಇಳಿಸಿದರು. ನಮ್ಮವರು ಒಂದೇ ರನ್ ಮುಂದಿದ್ದರು. ಎದುರಾಳಿಗಳಲ್ಲಿ ಇಬ್ಬರು ಔಟಾಗಿದ್ದರು, ಇನ್ನಿಬ್ಬರು, ಒಂದು ಒಳ್ಳೆಯ ಹೊಡೆತ ಬಿದ್ದರೆ ಓಡಿ ಎರಡು ರನ್ ತರಲು, ಬೇಸುಗಳ ಮೇಲೆ ಕಾದು ನಿಂತಿದ್ದರು. ಇಷ್ಟನ್ನೂ ಒಂದೇ ಉಸಿರಿಗೆ ಹೇಳಿದ್ದು ಓಡೋಡಿ ಬಂದ ಮಗಳು.

"ಅಪ್ಪಾ, ಇನ್ನೊಂದೇ ಔಟು! ಬಂದು ನೋಡಪ್ಪಾ. ಅವ್ನು ಸ್ಟ್ಯಾಂಡ್ ಕಡೆ ನೋಡಿ ನಿನ್ನೇ ಹುಡುಕ್ತಿದಾನೆ."

"ನೀನ್ಯಾಕೆ ಸೀಟ್ ಬಿಟ್ಟು ಬಂದೆ? ಹೋಗು, ಮೊದ್ಲು ಹೋಗಿ ಕೂತ್ಕೋ!"

"ನಿನ್ ಗೋಡೆ ಅಲ್ಲಪ್ಪಾ ಗೆಲ್ಲಿಸ್ತಿರೋದು, ಅವನು!" ಆಕೆಯ ಕಣ್ಣಲ್ಲಿ ನೀರಿತ್ತು. ಬಂದ ಹಾಗೆಯೇ ಓಡಿದಳು.

ಆ ಮಾತು ನಾಟಿತೇನೋ... ತಾತ ಗೋಡೆಯಿಂದ ಬೆನ್ನು ಬಿಡಿಸಿದರು. ಮೂಲೆಯವರೆಗೆ ಹೋದರೆ ಸಾಕಿತ್ತು, ಇಡೀ ಮೈದಾನ ಕಾಣುತ್ತಿತ್ತು. ಗೋಡೆ ಹಿಡಿದುಕೊಂಡೇ ಹೋದರು. ಮೂಲೆಯಾಚೆ ಒಂದು ಕಾಲಿಟ್ಟರು. ಇನ್ನೂ ಕತ್ತು ಹೊರಳಿಸಿರಲಿಲ್ಲ, ಬ್ಯಾಟಿಗೆ ಚೆಂಡು ತಗುಲಿ ಟಣ್ ಎಂದಿತು. ನಮ್ಮವರ ಕಡೆ ಒಮ್ಮೆಗೇ ಸದ್ದಡಗಿತು. ಆ ಕಡೆಯಿಂದ ಕೇಕೆ ಎದ್ದಿತು.

ತಾತ ಕೆಂಡ ತುಳಿದವರಂತೆ ಕಾಲು ಹಿಂದೆಗೆದುಕೊಂಡರು. ಸರಸರನೆ ಬಂದು ಮತ್ತೆ ಅದೇ ಜಾಗದಲ್ಲಿ ಗೋಡೆಗೆ ಒರಗಿ, ಕಣ್ಣು ಮುಚ್ಚಿ ನಿಂತರು. ಆಚೆ ಎಲ್ಲ ಮುಗಿದಿತ್ತು.

"ನಾನೇ ಕೆಡಿಸ್ದೆ ಅಲ್ವೇನ್ರೀ?"

"ಛೆ, ಇಲ್ಲ ಸಾರ್."

"ಕಾಲಿಟ್ಟೆನಲ್ಲ..."

ಸ್ವಲ್ಪ ಹೊತ್ತಿಗೆ ಮೊಮ್ಮಗ ಹುಡುಕಿಕೊಂಡು ಬಂದ. ಪ್ಯಾಂಟೆಲ್ಲ ಕೆಂಪು ಮಣ್ಣು, ಅತ್ತು ಮುಖ ಊದಿತ್ತು. "ತಾತಾ, ಡಿಡ್ ಯು ಸೀ ಮಿ?"

"ನೋಡ್ದೆ ಮಗಾ. ಎಲ್ಲಾನೂ ನೋಡ್ದೆ. ಚೆನ್ನಾಗಿ ಹಾಕ್ದೆ." ಹೇಳುವಾಗ ನನ್ನ ಕಡೆ ಒಮ್ಮೆ ನೋಡಿದರು. ನಾನೂ ತಲೆಯಾಡಿಸಿದೆ.

ಆ ಚಳಿಗಾಲವನ್ನು ಅವರು ದಾಟಲಿಲ್ಲ. ಮಗಳು ಮನೆ ಮಾರಿ ಮಾರ್ಗನ್ ಹಿಲ್‌ಗೆ ಹೋದಳು. ಈಗಿನವರು ನಾಯಿ ಸಾಕಿದ್ದಾರೆ, ಸಭ್ಯ ನಾಯಿ, ಬೊಗಳುವುದಿಲ್ಲ. ಸಂಜೆ ಹಿತ್ತಲಲ್ಲಿ ಯಾವ ಸದ್ದೂ ಇರುವುದಿಲ್ಲ...

ಕಳೆದ ತಿಂಗಳು ಎಲ್ ಕಮೀನೋ ರಸ್ತೆಯ ಇಂಡಿಯನ್ ಅಂಗಡಿಯಲ್ಲಿ ಮೊಮ್ಮಗ ಸಿಕ್ಕಿದ. ಎಲ್ಲೋ ಆಫೀಸಿನಲ್ಲಿದ್ದಾನಂತೆ, ಚೆಂಡು ಮುಟ್ಟಿ ಬಹಳ ಕಾಲವಾಯಿತಂತೆ. ಅದೂ ಇದೂ ಮಾತಾಡಿದ ಮೇಲೆ, "ಅಟ್ ಲೀಸ್ಟ್ ಆ ಲಾಸ್ಟ್ ಗೇಮ್ ತಾತ ನೋಡಿದ್ರು, ಅಂಕಲ್. ದಟ್ಸ್ ಇನಫ್ ಫಾರ್ ಮಿ," ಎಂದ.

"ಹೌದಪ್ಪಾ," ಎಂದು, ಎದುರಿಗಿದ್ದ ಕೊತ್ತಂಬರಿ ಸೊಪ್ಪನ್ನು ಬಹಳ ಶ್ರದ್ಧೆಯಿಂದ ಆರಿಸತೊಡಗಿದೆ.

ಆ ಪಂದ್ಯವನ್ನು ನಮ್ಮವರು ಐದು–ನಾಲ್ಕರಲ್ಲಿ ಸೋತರು. ತಾತ ಅದರ ಒಂದು ಎಸೆತವನ್ನೂ ನೋಡಿರಲಿಲ್ಲ.