ಕೆಂಪು ಕಾರಿನ ಕೆಳಗೆ ಕಂಡ ಎರಡು ಚುಕ್ಕೆ

1998ರ ನವೆಂಬರ್. ದಾವಣಗೆರೆಯಲ್ಲಿ ಮೋಟಾರು ವಿಮೆಯ ಸರ್ವೇಯರ್ ಆಗಿ ಅದು ನನ್ನ ಹದಿನೇಳನೆಯ ವರ್ಷ. ಸರ್ವೇಯರ್ ಎಂದರೆ ಜಮೀನು ಅಳೆಯುವವನೆಂದುಕೊಂಡು ನಮ್ಮ ಮನೆಗೆ ಪಹಣಿ ಹಿಡಿದು ಬಂದವರೂ ಇದ್ದಾರೆ. ನನ್ನ ಕೆಲಸ ಬೇರೆ. ಅಪಘಾತವಾದ ಗಾಡಿಯನ್ನು ನೋಡಿ, ಯಾವ ಭಾಗ ರಿಪೇರಿಯಾಗುತ್ತದೆ, ಯಾವುದನ್ನು ತೆಗೆದು ಹೊಸದು ಹಾಕಬೇಕು ಎಂದು ವಿಮಾ ಕಂಪನಿಗೆ ವರದಿ ಕೊಡುವುದು. ಬಿಡುವಿದ್ದಾಗ ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವವರ ಪರವಾಗಿ ಹೋಗಿ ಪರೀಕ್ಷೆ ಮಾಡಿ ಅಭಿಪ್ರಾಯವನ್ನೂ ಹೇಳುತ್ತಿದ್ದೆ. ಹಾಲೇಶಪ್ಪ ನೋಡಿದರೆ ಮುಗಿಯಿತು ಎನ್ನುವಷ್ಟು ಹೆಸರು ಊರಿನಲ್ಲಿತ್ತು. ಆ ಹೆಸರಿನ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು ಎಂದು ಈಗ ಒಪ್ಪಿಕೊಳ್ಳಬಲ್ಲೆ.

ಒಂದು ಭಾನುವಾರ ಬೆಳಿಗ್ಗೆ ಎಂ.ಸಿ.ಸಿ. ‘ಬಿ’ ಬ್ಲಾಕಿನ ನಮ್ಮ ಮನೆಗೆ ಹರಿಹರದಿಂದ ಖಲೀಲ್ ಅಹ್ಮದ್ ಬಂದರು. ಗುತ್ತೂರಿನ ಹತ್ತಿರ ಅವರದೊಂದು ಲೇತ್ ವರ್ಕ್‌ಶಾಪ್. ಕಬ್ಬಿಣವನ್ನು ಕೂದಲೆಳೆಯಷ್ಟು ಲೆಕ್ಕಕ್ಕೆ ತಿರುವಿ ಕೊಡುವ ಕೈ ಅವರದು. ಮಾತು ಕಡಿಮೆ. ಅಂದು ಮಾತ್ರ ಕುರ್ಚಿಯ ಅಂಚಿನಲ್ಲಿ ಕೂತು ಒಂದೇ ಸಮನೆ ಮಾತಾಡಿದರು. ಅವರಿಗೆ ಒಂದು ಕಾರು ಬೇಕಾಗಿತ್ತು, ಆ ಕಾರು ‘ಎ’ ಬ್ಲಾಕಿನ ಜವಳಿ ವ್ಯಾಪಾರಿ ಕೊಟ್ರಬಸಪ್ಪನವರ ಮನೆಯಲ್ಲಿತ್ತು.

ಆ ಕಾರು ಊರಿಗೆಲ್ಲ ಗೊತ್ತಿದ್ದದ್ದೇ. ಸಿಂಗಾಪುರದಲ್ಲಿದ್ದ ಅವರ ಸಂಬಂಧಿಕರು ವಾಪಸ್ ಬರುವಾಗ ತಂದ ಜಪಾನಿ ಗಾಡಿ, 1985ರ ಮಾಡೆಲ್. ಕಂಪನಿಯ ಹೆಸರು ಇಲ್ಲಿ ಬೇಡ. ಮುಂದೆ ಹೇಳುವ ತಪ್ಪಿನಲ್ಲಿ ಆ ಕಂಪನಿಯ ಪಾಲು ಏನೂ ಇಲ್ಲ. ಕೆಂಪು ಬಣ್ಣ, ಎರಡೇ ಬಾಗಿಲು, ಸ್ವಿಚ್ ಒತ್ತಿದರೆ ಬಾನೆಟ್‌ನಿಂದ ಮೇಲೇಳುವ ಹೆಡ್‌ಲೈಟು. 1600 ಸಿ.ಸಿ.ಯ ಟ್ವಿನ್ ಕ್ಯಾಮ್ ಎಂಜಿನ್. ಅಂದರೆ ವಾಲ್ವುಗಳನ್ನು ತೆರೆದು ಮುಚ್ಚಲು ಒಂದರ ಬದಲು ಎರಡು ಶಾಫ್ಟು. ನಮ್ಮ ರಸ್ತೆಯ ಬೇರೆ ಕಾರುಗಳು ಏದುಸಿರು ಬಿಡುವ ವೇಗದಲ್ಲಿ ಇದು ಆಗಷ್ಟೇ ಮೈ ಮುರಿದು ಏಳುತ್ತಿತ್ತು. ಇದನ್ನು ಓಡಿಸಿದ ಕೊಟ್ರಬಸಪ್ಪನವರಿಗೆ ಈಗ ಮಂಡಿನೋವು. ಅದರ ತಗ್ಗಿನ ಸೀಟಿನಲ್ಲಿ ಕೂತರೆ ಏಳಲು ಇಬ್ಬರು ಬೇಕು, ಮಾರಿಬಿಡುತ್ತೇನೆ ಎನ್ನುತ್ತಿದ್ದರು.

ಆಗ ನಮ್ಮ ಕಡೆ ಕಾರಿನಲ್ಲಿ ಎರಡೇ ಜಾತಿ. ಹೊಸದು, ಇಲ್ಲವೇ ಹಳೆಯದು. ಬ್ರಿಟಿಷರ ಕಾಲದ್ದಾದರೆ ಮದುವೆ ಮೆರವಣಿಗೆಗೆ ಬರುತ್ತಿತ್ತು. ಹದಿಮೂರು ವರ್ಷದ, ಭಾಗಗಳು ಸುಲಭಕ್ಕೆ ಸಿಗದ, ಪೆಟ್ರೋಲು ಕುಡಿಯುವ ಗಾಡಿಯನ್ನು ಆಸೆಪಟ್ಟು ಕೊಳ್ಳುವವರು ಇರಲಿಲ್ಲ. ಖಲೀಲರ ಎಣಿಕೆ ಬೇರೆ ಇತ್ತು. ಏಳು ವರ್ಷದ ಹಿಂದೆ ಆ ಕಾರಿನ ಬ್ರೇಕ್ ಡ್ರಮ್ಮು ತಿರುವಲು ಅವರ ಲೇತಿಗೆ ಬಂದಿತ್ತಂತೆ. ಜೋಡಿಸಿದ ಮೇಲೆ ಹರಿಹರದ ಸೇತುವೆಯವರೆಗೆ ಒಂದು ಸುತ್ತು ಓಡಿಸಿದ್ದರಂತೆ. ಅಷ್ಟೇ.

“ಇದು ಹಳೇದೂ ಅಲ್ರಿ, ಹೊಸಾದೂ ಅಲ್ಲ,” ಎಂದರು. “ಇಂಥ ಎಂಜಿನ್ ಇನ್ನ ಮ್ಯಾಲೆ ಯಾರೂ ಮಾಡಲ್ಲ. ಇನ್ನೊಂದು ಇಪ್ಪತ್ತು ವರ್ಷ ಹೋಗ್ಲಿ, ಜನ ಹುಡುಕ್ಕೊಂಡು ಬರ್ತಾರೆ. ಅಲ್ಲೀತನ ನಾನು ನೋಡ್ಕೋತೀನಿ.”

ಒಂದೇ ಒಂದು ತೊಡಕಿತ್ತು. ಉರ್ದು ಶಾಲೆಯಲ್ಲಿ ಟೀಚರ್ ಆಗಿದ್ದ ಅವರ ಹೆಂಡತಿ ಮುಮ್ತಾಜ್ ಒಪ್ಪಿರಲಿಲ್ಲ. 1994ರಲ್ಲಿ ಆವರಗೆರೆಯ ಹತ್ತಿರ ಎಮ್ಮೆ ಅಡ್ಡ ಬಂದು ಆ ಕಾರು ಮೋರಿಯ ಕಟ್ಟೆಗೆ ಗುದ್ದಿದ್ದು ಆಕೆಗೂ ಗೊತ್ತಿತ್ತು. ಗುದ್ದಿದ ಗಾಡಿಯಲ್ಲಿ ತನ್ನ ಇಬ್ಬರು ಹೆಣ್ಣುಮಕ್ಕಳನ್ನು ಕೂರಿಸುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿದ್ದರು. ಕೊನೆಗೆ, ಆ ಅಪಘಾತವನ್ನು ಸರ್ವೆ ಮಾಡಿದ ಹಾಲೇಶಪ್ಪನವರೇ ಸರಿಯಿದೆ ಎಂದರೆ ತನ್ನ ಅಡ್ಡಿಯಿಲ್ಲ ಎಂದಿದ್ದರಂತೆ.

ನಾನು ನಕ್ಕೆ. “ಆ ಕೇಸು ನಂದೇ. ಎಡಗಡೆ ಮುಂದಿನ ಚಕ್ರದ ಟೆನ್ಷನ್ ರಾಡು ಬಾಗಿತ್ತು, ಹೊಸಾದು ಹಾಕ್ಸೀನಿ. ಧೈರ್ಯವಾಗಿ ತಗೊಳ್ರಿ,” ಎಂದೆ. ಗಾಡಿ ನೋಡುವ ಮೊದಲೇ ಆಡಿದ ಮಾತು ಅದು.

ಟೆನ್ಷನ್ ರಾಡು ಎಂದರೆ ಮುಂದಿನ ಚಕ್ರ ಹಿಂದಕ್ಕೂ ಮುಂದಕ್ಕೂ ಸರಿಯದಂತೆ ಎಳೆದು ಹಿಡಿಯುವ ಉಕ್ಕಿನ ಸಲಾಕೆ. ಬ್ರೇಕ್ ಒತ್ತಿದಾಗ ಚಕ್ರದ ಭಾರವೆಲ್ಲ ಅದರ ಮೇಲೆ. ಬಾಗಿದರೆ ಬದಲಿಸಬೇಕೇ ಹೊರತು ಗ್ಯಾಸಿನಲ್ಲಿ ಕಾಯಿಸಿ ನೆಟ್ಟಗೆ ಮಾಡಬಾರದು. ಕಾಯಿಸಿದ ಉಕ್ಕು ತನ್ನ ಬಿಗಿಯನ್ನು ಕಳೆದುಕೊಳ್ಳುತ್ತದೆ. ಓಟದಲ್ಲಿ ಅದು ಮುರಿದರೆ ಚಕ್ರ ಒಂದು ಕಡೆ ತಿರುಗಿ, ಸ್ಟೇರಿಂಗ್ ಹಿಡಿದವನ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಅಂದೇ ‘ಎ’ ಬ್ಲಾಕಿಗೆ ಹೋದೆವು. “ಬರ್ರಿ, ಕೂಡ್ರಿ, ಮೊದ್ಲು ಚಾ ಕುಡೀರಿ,” ಎಂದರು ಕೊಟ್ರಬಸಪ್ಪ. ಚಾ ಆಮೇಲೆ ಎಂದು ನಾನು ಗಾಡಿಯ ಹತ್ತಿರ ಹೋದೆ. ಎಂಜಿನ್ ಚೆನ್ನಾಗಿತ್ತು. ಕಂಪ್ರೆಷನ್ ನಾಲ್ಕೂ ಸಿಲಿಂಡರಿನಲ್ಲಿ ಒಂದೇ ಸಮ ಇತ್ತು. ಬಾಡಿಯಲ್ಲಿ ತುಕ್ಕು ಕಡಿಮೆ. ಕೊನೆಗೆ ಶಾಸ್ತ್ರಕ್ಕೆಂಬಂತೆ ಮುಂದಿನ ಭಾಗವನ್ನು ಜ್ಯಾಕಿನ ಮೇಲೆ ಎತ್ತಿಸಿ, ಗೋಣಿಚೀಲ ಹಾಸಿಕೊಂಡು ಕೆಳಗೆ ಹೋದೆ.

ಎಡಗಡೆಯ ರಾಡಿಗೆ ಕಪ್ಪು ಬಣ್ಣ ದಪ್ಪಗೆ ಬಳಿದಿತ್ತು. ಬಲಗಡೆಯದಕ್ಕೆ ಇರಲಿಲ್ಲ. ಸ್ಕ್ರೂಡ್ರೈವರಿನಿಂದ ಸ್ವಲ್ಪ ಕೆರೆದೆ. ಬಣ್ಣದ ಅಡಿಯಲ್ಲಿ, ಒಂದರ ಪಕ್ಕ ಒಂದು, ಸಣ್ಣ ಎರಡು ಚುಕ್ಕೆ.

ಆ ಚುಕ್ಕೆ ನನ್ನವು. ಬದಲಿಸಲೇಬೇಕಾದ ಭಾಗದ ಮೇಲೆ ಸೆಂಟರ್ ಪಂಚು ಎಂಬ ಮೊನಚು ಉಳಿಯಿಂದ ಹೀಗೆ ಗುರುತು ಹಾಕುವುದು ನನ್ನ ಪದ್ಧತಿ. ಗ್ಯಾರೇಜಿನವರು ಅದೇ ಹಳೆಯದನ್ನು ಸರಿಮಾಡಿ ಮತ್ತೆ ಜೋಡಿಸಬಾರದೆಂದು. ಕೆಲಸ ಮುಗಿದ ಮೇಲೆ ಸರ್ವೇಯರ್ ಮತ್ತೊಮ್ಮೆ ಹೋಗಿ, ಹೊಸದು ಕೂತಿದೆಯೇ, ಚುಕ್ಕೆಯಿರುವ ಹಳೆಯದು ಹೊರಗೆ ಬಿದ್ದಿದೆಯೇ ಎಂದು ಕಣ್ಣಾರೆ ನೋಡಿ ಸಹಿ ಹಾಕಬೇಕು. ಇದಕ್ಕೆ ರೀ-ಇನ್‌ಸ್ಪೆಕ್ಷನ್ ಎನ್ನುತ್ತೇವೆ. ನನ್ನ ಚುಕ್ಕೆ ಹೊತ್ತ ರಾಡು ನಾಲ್ಕು ವರ್ಷ ಇದೇ ಕಾರಿನ ಕೆಳಗೆ ಓಡಾಡಿತ್ತು.

ಬೆನ್ನ ಮೇಲೆ ಮಲಗಿದ್ದ ಹಾಗೆಯೇ ಎಲ್ಲ ನೆನಪಾಯಿತು. 1994ರ ಮೇ ತಿಂಗಳು, ನನ್ನ ತಂಗಿಯ ಮದುವೆ. ಆ ಕಾರಿನ ಕೆಲಸ ಮಾಡಿದ ಗ್ಯಾರೇಜಿನ ಮಂಜಣ್ಣ ಬೀಗರನ್ನು ಕರೆತರಲು ತನ್ನ ಎರಡು ವ್ಯಾನು ಕೊಟ್ಟಿದ್ದ. ಬಾಡಿಗೆ ಮಾತೇ ಎತ್ತಲಿಲ್ಲ. ಅರಿಶಿನ ಶಾಸ್ತ್ರದ ದಿನ ಆ ಕಾರಿನ ಬಿಲ್ಲು ಮತ್ತು ರೀ-ಇನ್‌ಸ್ಪೆಕ್ಷನ್ ಫಾರಂ ಹಿಡಿದು ಬಂದ. ಏನೋ ಹೇಳಲು ಬಾಯಿ ತೆರೆದ, ನಾನು ಕೇಳಲಿಲ್ಲ. ಎರಡು ವ್ಯಾನು ಕೊಟ್ಟ ಮನುಷ್ಯನಿಗೆ ನಾಳೆ ಬಂದು ನೋಡುತ್ತೇನೆ ತಡಿ ಎನ್ನಲು ದಾಕ್ಷಿಣ್ಯ. ಚಪ್ಪರದ ಕಂಬಕ್ಕೆ ಕಾಗದ ಒತ್ತಿ ಹಿಡಿದು ಸಹಿ ಹಾಕಿದೆ. ಊಟ ಮಾಡಿಕೊಂಡು ಹೋಗು ಎಂದೆ.

ಕಾರಿನ ಕೆಳಗಿನಿಂದ ಖಲೀಲರ ಚಪ್ಪಲಿ ಕಾಣುತ್ತಿತ್ತು. ಇದು ಬೇರೆ ಯಾರಿಗೂ ಗೊತ್ತಿಲ್ಲ, ಗೊತ್ತಾಗುವುದೂ ಇಲ್ಲ ಎಂದು ಮನಸ್ಸು ಲೆಕ್ಕ ಹಾಕತೊಡಗಿತು. ಖಲೀಲರಿಗೆ ಬೇಡ ಎಂದರೆ ಸಾಕು, ಕಾರಣ ಯಾರು ಕೇಳುತ್ತಾರೆ? ಅವರ ಮಕ್ಕಳು ಉಳಿಯುತ್ತಾರೆ, ನನ್ನ ಹೆಸರೂ ಉಳಿಯುತ್ತದೆ. ನಿಜ ಹೇಳುತ್ತೇನೆ, ಎದ್ದು ಹೊರಗೆ ಬಂದು ಬಟ್ಟೆಯ ಧೂಳು ಕೊಡವಿಕೊಳ್ಳುವಾಗಲೂ ನಾನು ಹಾಗೆಯೇ ಹೇಳುವವನಿದ್ದೆ.

“ಹೆಂಗೈತ್ರಿ?” ಎಂದರು ಕೊಟ್ರಬಸಪ್ಪ. “ಇವ್ರಿಗೆ ಬ್ಯಾಡ ಅಂದ್ರೆ ಹಂಗೇ ಹೇಳ್ರಿ, ಏನೂ ಬೇಜಾರಿಲ್ಲ. ಹುಬ್ಬಳ್ಳಿಯೋರು ಒಬ್ರು ನಾಳೆನೇ ಬಂದು ತಗೊಂಡು ಹೋಗ್ತೀವಿ ಅಂದಾರೆ.”

ಹುಬ್ಬಳ್ಳಿಯವರ ಮನೆಯಲ್ಲೂ ಮಕ್ಕಳಿರುತ್ತಾರೆ. ನನ್ನ ಲೆಕ್ಕದಲ್ಲಿ ಅವರು ಇರಲಿಲ್ಲ.

“ಈ ಕಾರು ಯಾರಿಗೂ ಕೊಡಬ್ಯಾಡ್ರಿ,” ಎಂದೆ. “ನೀವೂ ಓಡಿಸಬ್ಯಾಡ್ರಿ. ಆ ರಾಡು ಬದಲಾಗೇ ಇಲ್ಲ. ತಪ್ಪು ನಂದು.”

ಕೊಟ್ರಬಸಪ್ಪ ಒಳಗೆ ಹೋಗಿ ಹಳೆಯ ಫೈಲು ತಂದರು. ಹಾಳೆ ತಿರುಗಿಸಿ ನನ್ನ ಮುಂದೆ ಹಿಡಿದರು. “ಹೊಸಾದು ಹಾಕಿದ್ದು ನೋಡೀನಿ ಅಂತ ನಿಮ್ಮ ಸಹಿ ಐತಲ್ರಿ ಇಲ್ಲಿ?”

“ಐತ್ರಿ. ನೋಡದೆ ಹಾಕಿದ ಸಹಿ ಅದು.”

ಹದಿನೇಳು ವರ್ಷದಲ್ಲಿ ನಾನು ಅಷ್ಟು ಚಿಕ್ಕವನಾಗಿದ್ದು ಅದೊಂದೇ ಸಲ. ಖಲೀಲರು ಸ್ಪ್ಯಾನರು ತೆಗೆದುಕೊಂಡು ಕೆಳಗೆ ಹೋಗಿ ರಾಡು ಬಿಚ್ಚಿದರು. ಕೊಟ್ರಬಸಪ್ಪನವರ ಇನ್ನೊಂದು ಕಾರಿನಲ್ಲಿ ಮೂವರೂ ಗುತ್ತೂರಿನ ವರ್ಕ್‌ಶಾಪಿಗೆ ಹೋದೆವು.

ಉಕ್ಕಿನಲ್ಲಿ ಬಿರುಕಿದೆಯೇ ಎಂದು ನೋಡಲು ಲೇತಿನವರದೊಂದು ಸರಳ ಉಪಾಯವಿದೆ. ಖಲೀಲರು ರಾಡಿನ ಬಣ್ಣ ತೆಗೆದು ಸೀಮೆಎಣ್ಣೆಯಲ್ಲಿ ಅರ್ಧ ಗಂಟೆ ನೆನೆಸಿದರು. ಹೊರತೆಗೆದು ಒಣಬಟ್ಟೆಯಿಂದ ಚೆನ್ನಾಗಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿದರು. ಬಿರುಕಿದ್ದರೆ ಒಳಗೆ ಇಳಿದ ಎಣ್ಣೆ ಹೊರಬಂದು ಪುಡಿಯನ್ನು ನೆನೆಸುತ್ತದೆ. ನಾವು ಮೂವರೂ ಬಗ್ಗಿ ನೋಡುತ್ತಿದ್ದೆವು. ಎರಡು ನಿಮಿಷವಾಗಿರಬೇಕು. ಬೆಳ್ಳಗಿನ ಪುಡಿಯ ಮೇಲೆ ಸಣ್ಣದೊಂದು ಕಪ್ಪು ಗೆರೆ ಮೂಡಿ, ನಿಧಾನವಾಗಿ ರಾಡನ್ನು ಅರ್ಧ ಸುತ್ತಿತು.

ಕೊಟ್ರಬಸಪ್ಪ ಪಕ್ಕದ ಸ್ಟೂಲಿನ ಮೇಲೆ ಕೂತರು. “ಮೊನ್ನೆ ದೀಪಾವಳಿಗೆ ಮೊಮ್ಮಕ್ಕಳ್ನ ಕುಂದ್ರಿಸ್ಕೊಂಡು ಚಿತ್ರದುರ್ಗಕ್ಕ ಹೋಗಿ ಬಂದೀನ್ರಿ,” ಎಂದರು. “ಮಕ್ಳು ಜೋರಾಗಿ ಹೋಗಜ್ಜ, ಜೋರಾಗಿ ಹೋಗಜ್ಜ ಅಂತಿದ್ವು.”

ನಾನು ಕ್ಷಮೆ ಕೇಳಿದೆ. ಅವರು ಎದ್ದು ತಮ್ಮ ಕಾರಿನ ಕಡೆ ನಡೆದರು.

ಮರುದಿನ ಮಂಜಣ್ಣನ ಹತ್ತಿರ ಹೋದೆ. ಅವನೂ ಆ ರಾಡನ್ನು ಮರೆತಿರಲಿಲ್ಲ. “ಮದ್ರಾಸಿನಾಗೂ ಕೇಳ್ಸಿದೆ, ಸಿಗಲಿಲ್ಲಣ್ಣ. ಕಾಯಿಸಿ ಹಾಕೀನಿ ಅಂತ ಹೇಳಾಕನೇ ಬಂದಿದ್ದೆ ಆವತ್ತು. ಮದುವಿ ಮನ್ಯಾಗ ಹೆಂಗೆ ಹೇಳಲಿ? ನೀವು ಸಹಿ ಹಾಕಿ ಊಟಕ್ಕ ಕೂಡ್ರಿಸಿದ್ರಿ,” ಎಂದ. ಹಾಕದ ರಾಡಿಗೆ ಬಿಲ್ಲು ಮಾಡಿದ್ದು ತಪ್ಪೇ. ಆದರೂ ನನಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಅವನದೂ ದಾಕ್ಷಿಣ್ಯ, ನನ್ನದೂ ದಾಕ್ಷಿಣ್ಯ. ಇಬ್ಬರೂ ಒಳ್ಳೆಯವರಾಗಲು ಹೋಗಿ ಒಂದು ಸಂಸಾರವನ್ನು ಸಾವಿನ ಪಕ್ಕ ಕೂರಿಸಿದ್ದೆವು.

ವಿಮಾ ಕಂಪನಿಗೆ ನಾನೇ ಪತ್ರ ಬರೆದೆ. ರೀ-ಇನ್‌ಸ್ಪೆಕ್ಷನ್ ಮಾಡದೆ ಸಹಿ ಹಾಕಿದ್ದೇನೆ, ರಾಡಿನ ಹಣವನ್ನು ತುಂಬಿಕೊಡುತ್ತೇನೆ ಎಂದು. ಅವರು ಒಂದು ವರ್ಷ ನನಗೆ ಕೆಲಸ ಕೊಡಲಿಲ್ಲ. ಕೆಲವು ಗ್ಯಾರೇಜಿನವರು ಹಾಲೇಶಪ್ಪನಿಗೆ ಬುದ್ಧಿ ಕೆಟ್ಟಿದೆ, ತಾನೇ ಹೋಗಿ ಹಳ್ಳಕ್ಕೆ ಬಿದ್ದ ಎಂದು ಆಡಿಕೊಂಡರು. ಮನೆಯಲ್ಲಿ ಕಷ್ಟವಾಯಿತು, ನಿದ್ದೆ ಮಾತ್ರ ಚೆನ್ನಾಗಿ ಬಂತು.

ಇನ್ನು ಖಲೀಲರು ಆ ಕಾರಿನ ಆಸೆ ಬಿಡುತ್ತಾರೆಂದು ನಾನು ತಿಳಿದಿದ್ದೆ. ಅವರು ಬಿಡಲಿಲ್ಲ. ಬೆಂಗಳೂರಿನ ಹಳೆಯ ಭಾಗಗಳ ಅಂಗಡಿಗಳಲ್ಲಿ ಮೂರು ಸಲ ಅಲೆದು, ಅದೇ ಮಾಡೆಲಿನ ಒಂದು ಜೊತೆ ರಾಡು ಹುಡುಕಿ ತಂದರು. ಎರಡನ್ನೂ ಸೀಮೆಎಣ್ಣೆ, ಸೀಮೆಸುಣ್ಣದಲ್ಲಿ ಪರೀಕ್ಷಿಸಿ ಜೋಡಿಸಿ, ಸರಿಯಿದೆ ಎಂದು ನನ್ನಿಂದಲೇ ಬರೆಸಿ ಸಹಿ ಮಾಡಿಸಿಕೊಂಡರು. ಅಲ್ಲಿಯವರೆಗೆ ಕೊಟ್ರಬಸಪ್ಪನವರೂ ಹುಬ್ಬಳ್ಳಿಯವರಿಗೆ ಇಲ್ಲವೆಂದು ಹೇಳಿ ಕಾದರು. ಗೊತ್ತಿದ್ದೂ ಹಾಗೇ ಮಾರಿದರೆ ಅದು ವ್ಯಾಪಾರವಲ್ಲ ಎಂದರಂತೆ. ನನ್ನೊಂದಿಗೆ ಮಾತ್ರ ಅವರು ಮತ್ತೆ ಸರಿಯಾಗಿ ಮಾತಾಡಲು ಎರಡು ವರ್ಷ ಬೇಕಾಯಿತು.

1999ರ ಜನವರಿಯಲ್ಲಿ ಕಾರು ಖಲೀಲರ ಕೈಗೆ ಬಂತು. ಅದನ್ನು ಹರಿಹರಕ್ಕೆ ಒಯ್ಯುವ ದಿನ ನಮ್ಮ ಮನೆಯ ಮುಂದೆ ನಿಲ್ಲಿಸಿ, “ನೀವು ಪಕ್ಕದಾಗ ಕೂಡ್ರಿ,” ಎಂದರು. ಊರು ದಾಟಿದ ಮೇಲೆ ಖಾಲಿ ರಸ್ತೆಯಲ್ಲಿ ಎಂಬತ್ತಕ್ಕೆ ಒಯ್ದು, ಹೇಳದೆ ಕೇಳದೆ ಬ್ರೇಕ್ ಒತ್ತಿದರು. ನನ್ನ ಎದೆ ಬೆಲ್ಟಿಗೆ ಬಂದು ಬಡಿಯಿತು. ಕಾರು ಒಂದು ಗೇಣೂ ಆಚೀಚೆ ಸರಿಯದೆ ನಿಂತಿತು. ಅವರು ನನ್ನ ಮುಖ ನೋಡಿದರು, ಮತ್ತೆ ಗೇರು ಹಾಕಿದರು.

ಇಷ್ಟು ವರ್ಷ ಗಾಡಿಗಳಿಗೆ ಸಹಿ ಹಾಕಿದವನು, ನಾನು ಸಹಿ ಹಾಕಿದ ಗಾಡಿಯಲ್ಲಿ ಕೂತು ಬ್ರೇಕ್ ಒತ್ತಿಸಿಕೊಂಡದ್ದು ಅದೇ ಮೊದಲು. ವರದಿಯ ಕೊನೆಯಲ್ಲಿ ನಮ್ಮ ಹೆಸರು ಬರೆಯುತ್ತೇವಲ್ಲ, ಅದು ಕಾಗದದ ಮೇಲೆ ಉಳಿಯುವುದಿಲ್ಲ. ಯಾರದೋ ಮಕ್ಕಳ ಜೊತೆ ಗಾಡಿಯೊಳಗೆ ಹತ್ತಿ ಕೂರುತ್ತದೆ. ಆಮೇಲೆ ನಿವೃತ್ತನಾಗುವವರೆಗೆ ನಾನು ಕೆಳಗೆ ಮಲಗಿ ನೋಡದೆ ಒಂದು ಗಾಡಿಗೂ ಸಹಿ ಹಾಕಲಿಲ್ಲ. ಬಹಳ ಜನ ಬೇಸರ ಮಾಡಿಕೊಂಡರು. ಮಾಡಿಕೊಳ್ಳಲಿ ಎಂದು ಬಿಟ್ಟೆ.

ಹರಿಹರದ ಅವರ ಮನೆಯ ಮುಂದೆ ಮುಮ್ತಾಜ್ ಇಬ್ಬರು ಮಕ್ಕಳ ಕೈ ಹಿಡಿದು ನಿಂತಿದ್ದರು. ಮಕ್ಕಳು ಓಡಿಬರಲು ನೋಡಿದರೂ ಕೈ ಬಿಡಲಿಲ್ಲ. ನಾನು ಇಳಿದೆ. ಆಕೆ ಕಾರಿನ ಕಡೆ ನೋಡದೆ ನನ್ನ ಕಡೆ ನೋಡಿ ಕೇಳಿದರು:

“ಈ ಸಲ ಕೆಳಗ ಹೋಗಿ ನೋಡೀರೇನ್ರಿ?”

“ನೋಡೀನಮ್ಮ,” ಎಂದೆ. “ಎರಡು ಸಲ.”

ಆಕೆ ಇನ್ನೊಂದು ಗಳಿಗೆ ನನ್ನ ಮುಖ ನೋಡಿ, ಮಕ್ಕಳ ಕೈ ಬಿಟ್ಟರು.